ಆ ಪ್ರಿಂಟ್‌ಗಳ ನಿಜವಾದ ಬೆಲೆ ಅಂಚಿನ ಸಹಿಗಳಲ್ಲಿದೆ

ಮಾನ್ಯ ಸಂಪಾದಕರೇ,

ಎರಡನೇ ಮಹಾಯುದ್ಧದ ವಿಮಾನಗಳನ್ನು ಚಿತ್ರಿಸಿದ ಲಿಮಿಟೆಡ್ ಎಡಿಷನ್ (ಇಂತಿಷ್ಟೇ ಪ್ರತಿ ಅಂತ ನಂಬರ್ ಹಾಕಿ ಅಚ್ಚು ಮಾಡುವ) ಪ್ರಿಂಟ್‌ಗಳ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಇಂಥ ವಿಷಯಕ್ಕೂ ಜಾಗ ಕೊಟ್ಟಿದ್ದೀರಲ್ಲ, ಖುಷಿಯಾಯಿತು. ಆದರೆ ಲೇಖನದ ಉದ್ದಕ್ಕೂ ಒಂದೇ ಲೆಕ್ಕ. ಇವತ್ತು ಕೊಂಡಿಟ್ಟರೆ ನಾಳೆ ಎಷ್ಟು ಸಿಗುತ್ತದೆ ಅನ್ನುವುದು. ನಾನು ವಾಯುಪಡೆಯಲ್ಲಿ ವಿಮಾನದ ಒಡಲು, ರೆಕ್ಕೆಗಳ ದುರಸ್ತಿ ನೋಡಿಕೊಳ್ಳುವ ಏರ್‌ಫ್ರೇಮ್ ಫಿಟ್ಟರ್ ಆಗಿ ಕೆಲಸ ಮಾಡಿ ನಿವೃತ್ತನಾದವನು. ಈ ಪ್ರಿಂಟ್‌ಗಳನ್ನು ಬಹಳ ಕಾಲದಿಂದ ಕೂಡಿಡುತ್ತಾ ಬಂದಿದ್ದೇನೆ. ಅವನ್ನು ಬರೀ ಹೂಡಿಕೆ ಅಂತ ಕರೆದದ್ದು ಓದಿ ಬರೆಯದೆ ಇರಲಾಗಲಿಲ್ಲ.

ಮೊದಲು ದುಡ್ಡಿನ ಮಾತು ಮುಗಿಸಿಬಿಡುತ್ತೇನೆ. 1980 ಮತ್ತು 90ರ ದಶಕಗಳಲ್ಲಿ ಬ್ರಿಟನ್, ಅಮೆರಿಕದಲ್ಲಿ ಈ ಪ್ರಿಂಟ್‌ಗಳನ್ನು ಮುಗಿಬಿದ್ದು ಕೊಂಡವರಿಗೆ ಈಗ ವಯಸ್ಸಾಗಿದೆ. ಅವರ ಸಂಗ್ರಹಗಳು ಒಂದೊಂದಾಗಿ ಹರಾಜಿಗೆ ಬರುತ್ತಿವೆ. ಬಿಡುಗಡೆಯ ದಿನದ ಬೆಲೆಯೂ ಹುಟ್ಟದ ಪ್ರಿಂಟ್‌ಗಳು ಎಷ್ಟೋ ಇವೆ. ಇನ್ನೊಂದು ವಿಷಯ. ‘500ರಲ್ಲಿ 3ನೆಯದು’ ಎಂಬಂಥ ಸಣ್ಣ ನಂಬರ್ ಇದ್ದರೆ ಜಾಸ್ತಿ ಕೊಡಬಹುದು ಅಂತ ಲೇಖನದಲ್ಲಿತ್ತು. ತಾಮ್ರದ ತಗಡಿನಲ್ಲಿ ಕೊರೆದು ಅಚ್ಚು ಹಾಕುವ ಎಚಿಂಗ್‌ಗೆ ಆ ಮಾತು ಸರಿ. ಅಲ್ಲಿ ಒತ್ತುತ್ತಾ ಹೋದಂತೆ ತಗಡು ಸವೆಯುತ್ತದೆ, ಮೊದಲ ಪ್ರತಿಗಳು ಚೊಕ್ಕಟವಾಗಿರುತ್ತವೆ. ಆದರೆ ಈ ವಿಮಾನದ ಪ್ರಿಂಟ್‌ಗಳು ಹೆಚ್ಚಿನವು ಆಫ್‌ಸೆಟ್ ಮುದ್ರಣ ಯಂತ್ರದಲ್ಲಿ ಆದವು. ಮೂರನೆಯದಕ್ಕೂ ಮುನ್ನೂರನೆಯದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಇರುವುದಿಲ್ಲ. ಅದೂ ಅಲ್ಲದೆ ಒಂದೇ ಚಿತ್ರಕ್ಕೆ ಮಾಮೂಲಿ ಪ್ರತಿಗಳು ಬೇರೆ, ಆರ್ಟಿಸ್ಟ್ಸ್ ಪ್ರೂಫ್ (ಕಲಾವಿದರ ಪಾಲಿಗೆಂದು ತೆಗೆದಿಟ್ಟ ಪ್ರತಿಗಳು) ಬೇರೆ, ಅಂಚಿನಲ್ಲಿ ಕಲಾವಿದರೇ ಪೆನ್ಸಿಲಿನಲ್ಲಿ ಪುಟ್ಟ ಚಿತ್ರ ಬರೆದುಕೊಟ್ಟ ಪ್ರತಿಗಳು ಬೇರೆ, ಕ್ಯಾನ್ವಾಸ್ ಮೇಲಿನವು ಬೇರೆ. ಇವನ್ನೆಲ್ಲ ಕೂಡಿಸಿ ನೋಡಿ. ‘ಲಿಮಿಟೆಡ್’ ಅನ್ನುವುದು ಎಷ್ಟು ದೊಡ್ಡ ಸಂಖ್ಯೆ ಅಂತ ಆಗ ತಿಳಿಯುತ್ತದೆ.

ಹಾಗಾದರೆ ಯಾಕೆ ಕೂಡಿಡಬೇಕು? ಚಿತ್ರದ ಕೆಳಗಿನ ಬಿಳಿ ಅಂಚಿನಲ್ಲಿರುವ ಪೆನ್ಸಿಲ್ ಸಹಿಗಳಿಗಾಗಿ. ಬ್ರಿಟನ್ನಿನ ಬಾತ್ ಊರಿನ ಮಿಲಿಟರಿ ಗ್ಯಾಲರಿಯವರು ಕಲಾವಿದ ರಾಬರ್ಟ್ ಟೇಲರ್ ಅವರು ಬರೆದ ಸ್ಪಿಟ್‌ಫೈರ್ ಯುದ್ಧವಿಮಾನದ ಚಿತ್ರವನ್ನು ಅಚ್ಚು ಹಾಕಿಸಿದಾಗ, ಯುದ್ಧದಲ್ಲಿ ಹೆಸರಾದ ಬ್ರಿಟಿಷ್ ಪೈಲಟ್‌ಗಳಾದ ಡಗ್ಲಸ್ ಬೇಡರ್ ಮತ್ತು ಜಾನಿ ಜಾನ್ಸನ್ ಅದಕ್ಕೆ ಸಹಿ ಹಾಕಿದರು. ಬೇಡರ್ 1931ರ ಅಪಘಾತದಲ್ಲಿ ಎರಡೂ ಕಾಲು ಕಳೆದುಕೊಂಡು, ಕೃತಕ ಕಾಲುಗಳಲ್ಲೇ ಯುದ್ಧದಲ್ಲಿ ವಿಮಾನ ಹಾರಿಸಿದವರು. ಅಂಥ ಮನುಷ್ಯ ಒಂದು ಮೇಜಿನ ಮುಂದೆ ಕೂತು ಒಂದೊಂದೇ ಹಾಳೆಗೆ ಹೆಸರು ಬರೆದಿದ್ದಾರೆ. ಆ ಹಾಳೆಯನ್ನು ಅವರ ಕೈ ಮುಟ್ಟಿದೆ. ನನಗೆ ಈ ಪ್ರಿಂಟ್‌ಗಳ ಅಂಚು ಒಂದು ಹಾಜರಿ ಪುಸ್ತಕದ ಹಾಗೆ. ಜರ್ಮನಿಯ ಪೈಲಟ್ ಅಡಾಲ್ಫ್ ಗ್ಯಾಲಂಡ್ ಅವರ ಸಹಿ ಇರುವ ಪ್ರಿಂಟ್‌ಗಳೂ ಇವೆ. ಯುದ್ಧದಲ್ಲಿ ಅವರಿಗೆ ಎದುರಾಳಿಯಾಗಿದ್ದ ಬ್ರಿಟಿಷ್ ಪೈಲಟ್ ರಾಬರ್ಟ್ ಸ್ಟ್ಯಾನ್‌ಫರ್ಡ್ ಟಕ್ ಆಮೇಲೆ ಅವರಿಗೆ ಆಪ್ತ ಗೆಳೆಯರಾದರು. ಇದನ್ನು ತಿಳಿದು ಆ ಸಹಿ ನೋಡುವುದಕ್ಕೂ ತಿಳಿಯದೆ ನೋಡುವುದಕ್ಕೂ ತುಂಬಾ ವ್ಯತ್ಯಾಸ ಇದೆ, ಅಲ್ವಾ?

ಈ ಸಹಿಗಳು ಇನ್ನು ಹೆಚ್ಚುವುದಿಲ್ಲ. ಬೇಡರ್ 1982ರಲ್ಲಿ ಹೋದರು, ಟಕ್ 1987ರಲ್ಲಿ, ಗ್ಯಾಲಂಡ್ 1996ರಲ್ಲಿ, ಜಾನ್ಸನ್ 2001ರಲ್ಲಿ. 1940ರಲ್ಲಿ ಬ್ರಿಟನ್ನಿನ ಆಕಾಶದಲ್ಲಿ ನಡೆದ ವಾಯುಯುದ್ಧವಾದ ಬ್ಯಾಟಲ್ ಆಫ್ ಬ್ರಿಟನ್‌ನಲ್ಲಿ ಹಾರಿದವರಲ್ಲಿ ಕೊನೆಯವರಾದ ಜಾನ್ ಹೆಮಿಂಗ್‌ವೇ 2025ರ ಮಾರ್ಚ್‌ನಲ್ಲಿ ತೀರಿಕೊಂಡರು. ಕೊಳ್ಳುವವರು ಈ ಇಸವಿಗಳನ್ನು ತಲೆಯಲ್ಲಿಟ್ಟುಕೊಳ್ಳಬೇಕು. 1990ರಲ್ಲಿ ಅಚ್ಚಾದ ಪ್ರಿಂಟ್‌ನಲ್ಲಿ ಬೇಡರ್ ಅವರ ಕೈಬರಹದ ಸಹಿ ಇದೆ ಅಂದರೆ ನಂಬುವ ಮುಂಚೆ ಭೂತಗನ್ನಡಿ ತೆಗೆಯಿರಿ. ಅಚ್ಚಿನಲ್ಲೇ ಬಂದ ಸಹಿ ಸಣ್ಣ ಸಣ್ಣ ಚುಕ್ಕಿಗಳಾಗಿ ಕಾಣುತ್ತದೆ. ನಿಜವಾದ ಪೆನ್ಸಿಲ್ ಸಹಿಯನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಹೊಳೆಯುತ್ತದೆ, ಒತ್ತಿದ ಕಡೆ ಕಾಗದ ಸ್ವಲ್ಪ ತಗ್ಗಿರುತ್ತದೆ. ಬೇರೆ ಚೀಟಿಗೆ ಹಾಕಿದ ಸಹಿಯನ್ನು ಆಮೇಲೆ ಚೌಕಟ್ಟಿನೊಳಗೆ ಸೇರಿಸುವ ಪದ್ಧತಿಯೂ ಇದೆ. ಅದು ಮೋಸವಲ್ಲ, ಆದರೆ ಮಾರುವವರು ಅದನ್ನು ಬಾಯಿಬಿಟ್ಟು ಹೇಳಬೇಕು.

ಹೆಸರುಗಳ ಗೊಂದಲವೂ ಉಂಟು. ‘ಜಾನಿ ಜಾನ್ಸನ್’ ಎಂದು ಹೆಸರಾದವರು ಇಬ್ಬರು. ಒಬ್ಬರು ನಾನು ಮೇಲೆ ಹೇಳಿದ ಸ್ಪಿಟ್‌ಫೈರ್ ಪೈಲಟ್. ಇನ್ನೊಬ್ಬರು ಜಾರ್ಜ್ ಜಾನ್ಸನ್, ಲ್ಯಾಂಕಾಸ್ಟರ್ ಬಾಂಬರ್‌ನಲ್ಲಿ ಗುರಿ ನೋಡಿ ಬಾಂಬ್ ಬಿಡುವ ಬಾಂಬ್ ಏಮರ್ ಆಗಿದ್ದವರು. ನನಗೆ ಈ ಎರಡನೆಯವರ ಸಹಿ ಜಾಸ್ತಿ ಇಷ್ಟ. ಅದಕ್ಕೆ ಕಾರಣ ಹೇಳುತ್ತೇನೆ.

1943ರ ಮೇ 16ರ ರಾತ್ರಿ ಜರ್ಮನಿಯ ಅಣೆಕಟ್ಟುಗಳನ್ನು ಒಡೆಯಲು ಬ್ರಿಟಿಷ್ ವಾಯುಪಡೆಯ 19 ಲ್ಯಾಂಕಾಸ್ಟರ್‌ಗಳು ಹೊರಟವು. ಜಾನ್ಸನ್ ಅವರ ವಿಮಾನದ ಪೈಲಟ್ ಜೋ ಮೆಕಾರ್ಥಿ. ಹೊರಡುವ ಹೊತ್ತಿಗೆ ಅವರ ವಿಮಾನದ ಒಂದು ಎಂಜಿನ್‌ನಲ್ಲಿ ಕೂಲಂಟ್ ಸೋರುತ್ತಿರುವುದು ಕಂಡಿತು. ಎಲ್ಲರೂ ಇಳಿದು ಮೀಸಲಿಗಿದ್ದ ಇನ್ನೊಂದು ವಿಮಾನಕ್ಕೆ ಓಡಿದರು. ಅದರಲ್ಲಿ ದಿಕ್ಸೂಚಿ ಎಷ್ಟು ತಪ್ಪು ತೋರಿಸುತ್ತದೆ ಅಂತ ಬರೆದಿಡುವ ಕಾರ್ಡೇ ಇರಲಿಲ್ಲ. ಆ ಕಾರ್ಡ್ ಇಲ್ಲದೆ ಕತ್ತಲಲ್ಲಿ ಮರದ ಎತ್ತರದಲ್ಲಿ ಹಾರಿ ದಾರಿ ಹುಡುಕುವುದು ಆಗದ ಮಾತು. ನೆಲದ ಸಿಬ್ಬಂದಿಯೊಬ್ಬರು ಓಡಿಹೋಗಿ ಕಾರ್ಡ್ ಹುಡುಕಿ ತಂದುಕೊಟ್ಟ ಮೇಲೇ ವಿಮಾನ ಮೇಲೇರಿತು. ತಡವಾಗಿ ಹೊರಟ ಆ ಏಳು ಜನ ಸೋರ್ಪೆ ಅಣೆಕಟ್ಟು ತಲುಪಿದರು. ಒಂಬತ್ತು ಸಲ ಅದರ ಮೇಲೆ ಹಾರಿದರೂ ಗುರಿ ಸರಿ ಕೂರಲಿಲ್ಲ ಅಂತ ಜಾನ್ಸನ್ ಬಾಂಬ್ ಬಿಡಲಿಲ್ಲ. ಹತ್ತನೇ ಸಲ ಬಿಟ್ಟರು. ಮಣ್ಣಿನ ಅಣೆಕಟ್ಟು, ಒಡೆಯಲಿಲ್ಲ. ಆ ರಾತ್ರಿ ಹೊರಟ 133 ಜನರಲ್ಲಿ 53 ಜನ ಸತ್ತರು. ಅತ್ತ ಒಡೆದ ಮ್ಯೋನೆ ಅಣೆಕಟ್ಟಿನ ಕೆಳಗೆ ಸಾವಿರಕ್ಕೂ ಹೆಚ್ಚು ಜನ ನೀರುಪಾಲಾದರು. ಜರ್ಮನ್ನರು ಬೇರೆ ದೇಶಗಳಿಂದ ಹಿಡಿದು ತಂದು ದುಡಿಸುತ್ತಿದ್ದ ಕೂಲಿಗಳೇ ಅವರಲ್ಲಿ ಬಹಳ ಮಂದಿ. ಈ ದಾಳಿಯ ಪ್ರಿಂಟ್‌ಗಳಲ್ಲಿ ಬೆಳದಿಂಗಳು, ನೀರಿನ ಕಂಬ, ಲ್ಯಾಂಕಾಸ್ಟರ್‌ನ ನೆರಳು ಎಲ್ಲ ಎಷ್ಟು ಚಂದ ಇರುತ್ತವೆ! ಆದರೆ ಮನೆಯ ಗೋಡೆಗೆ ತೂಗುಹಾಕುವವರು ಕೆಳಗಿನ ಕಣಿವೆಯ ಕಥೆಯನ್ನೂ ತಿಳಿದಿರಬೇಕು. ಜಾರ್ಜ್ ಜಾನ್ಸನ್ 2022ರ ಡಿಸೆಂಬರ್‌ನಲ್ಲಿ ತೀರಿಕೊಂಡರು.

ಆ ಕಾರ್ಡ್ ತಂದುಕೊಟ್ಟವರ ಸಹಿ ಯಾವ ಪ್ರಿಂಟ್‌ನಲ್ಲಿದೆ? ಈ ಕಲೆಯ ಬಗ್ಗೆ ನನಗಿರುವ ದೊಡ್ಡ ಕೊರಗು ಇದೇ. ಪೈಲಟ್‌ಗಳ ಸಹಿ ಬೇಕಾದಷ್ಟಿವೆ. ಗನ್ನರ್, ನ್ಯಾವಿಗೇಟರ್‌ಗಳ ಸಹಿಯೂ ಸಿಗುತ್ತವೆ. ನೆಲದ ಮೇಲೆ ವಿಮಾನ ಸಜ್ಜು ಮಾಡುವ ಫಿಟ್ಟರ್, ರಿಗ್ಗರ್, ಮದ್ದುಗುಂಡು ತುಂಬುವ ಆರ್ಮರರ್‌ಗಳ ಸಹಿ ಹುಡುಕಿದರೂ ಅಪರೂಪ. ಅವರ ಕೆಲಸ ಮಾತ್ರ ಒಳ್ಳೆಯ ಚಿತ್ರದಲ್ಲಿ ಕಣ್ಣಿಗೆ ಬೀಳುತ್ತದೆ. ರೆಕ್ಕೆಯ ಬುಡದಲ್ಲಿ ಬೂಟು ತುಳಿದು ತುಳಿದು ಬಣ್ಣ ಹೋಗಿ ಲೋಹ ಕಾಣುವುದು, ಎಕ್ಸಾಸ್ಟ್‌ನ ಹಿಂದೆ ಬೂದು ಮಸಿ ಹರಡಿರುವುದು, ಎಂಜಿನ್ ಕೆಳಗೆ ಎಣ್ಣೆ ಹರಿದ ಗೆರೆ. ಈಗಷ್ಟೇ ಕಾರ್ಖಾನೆಯಿಂದ ಬಂದಂತೆ ಥಳಥಳ ಹೊಳೆಯುವ ವಿಮಾನ ಬರೆದವರ ಪ್ರಿಂಟ್ ನನಗೆ ಬೇಡ. ಜೆರಾಲ್ಡ್ ಕೋಲ್ಸನ್ ಅವರ ಚಿತ್ರಗಳು ನನಗೆ ಹಿಡಿಸುವುದು ಅದಕ್ಕೇ. ಅವರು ಪೂರ್ಣಾವಧಿ ಚಿತ್ರಕಾರರಾಗುವ ಮೊದಲು ವಿಮಾನದ ಎಂಜಿನಿಯರಿಂಗ್ ಕೆಲಸ ಕಲಿತವರು. ಫ್ರ್ಯಾಂಕ್ ವುಟನ್ ಅವರಂತೂ 1944ರಲ್ಲಿ ನಾರ್ಮಂಡಿಯ ರಣರಂಗದಲ್ಲೇ ನಿಂತು ಚಿತ್ರ ಬರೆದರು, ಆಮೇಲೆ ಬರ್ಮಾದ ಕಡೆಗೂ ಹೋದರು. ಆ ಬರ್ಮಾ ರಂಗದಲ್ಲೇ ನಮ್ಮ ವಾಯುಪಡೆಯ ಅರ್ಜನ್ ಸಿಂಗ್ ಇಂಫಾಲ್‌ನಿಂದ ಹರಿಕೇನ್ ಯುದ್ಧವಿಮಾನಗಳ ಸ್ಕ್ವಾಡ್ರನ್ ನಡೆಸಿದ್ದು. ಆದರೆ ಪ್ರಿಂಟ್‌ಗಳ ಲೋಕ ಇಂಗ್ಲಿಷ್ ಕಾಲುವೆಯ ಆಕಾಶದ ಸುತ್ತಲೇ ಗಿರಕಿ ಹೊಡೆಯಿತು. ಬರ್ಮಾದ ಮಳೆಯಲ್ಲಿ ಕೆಸರು ತುಳಿದು ವಿಮಾನಗಳನ್ನು ಹಾರುವಂತೆ ಇಟ್ಟವರ ಪಾಲಿಗೆ ಬಂದದ್ದು ತೀರಾ ಕಮ್ಮಿ.

ಇನ್ನು ಕಾಪಾಡುವ ವಿಷಯ. ನನ್ನ ಗೆಳೆಯರೊಬ್ಬರು ಐದು ಸಹಿಗಳಿದ್ದ ಪ್ರಿಂಟನ್ನು ಫ್ರೇಮ್ ಹಾಕಲು ಕೊಟ್ಟಿದ್ದರು. ಅಳತೆಗೆ ಕೂರಲಿಲ್ಲ ಅಂತ ಅಂಗಡಿಯವರು ಕೆಳಗಿನ ಅಂಚನ್ನೇ ಕತ್ತರಿಸಿದರು. ಐದೂ ಸಹಿ ಹೋದವು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ದಯವಿಟ್ಟು ಅಂಚು ಕತ್ತರಿಸಲು ಬಿಡಬೇಡಿ. ಗೋಂದು ಹಚ್ಚಿ ಬೋರ್ಡಿಗೆ ಅಂಟಿಸಲೂ ಬಿಡಬೇಡಿ. ಆಮ್ಲ ಇಲ್ಲದ ಬೋರ್ಡ್ ಕೇಳಿ ಹಾಕಿಸಿ, ಬಿಸಿಲು ಬೀಳುವ ಗೋಡೆ ಬೇಡ. ಪೆನ್ಸಿಲ್ ಸಹಿ ಬೆಳಕಿಗೆ ತಡೆದುಕೊಳ್ಳುತ್ತದೆ. ಸ್ಕೆಚ್ ಪೆನ್ನಿನ ಸಹಿ, ಚಿತ್ರದ ಬಣ್ಣ ಎರಡೂ ತಡೆಯುವುದಿಲ್ಲ. ಜೊತೆಗೆ ಬಂದ ಸರ್ಟಿಫಿಕೇಟನ್ನು ಬಿಸಾಡಬೇಡಿ. ಯಾವ ಸಹಿ ಯಾರದು ಅಂತ ಸಾಮಾನ್ಯವಾಗಿ ಅದರಲ್ಲೇ ಇರುತ್ತದೆ.

ಹಿರಿಯರಿಂದ ಇಂಥ ಪ್ರಿಂಟ್ ಬಂದಿರುವ ಓದುಗರು ಮಾರುವ ಮುಂಚೆ ಒಂದು ಕೆಲಸ ಮಾಡಲಿ. ಅಂಚಿನ ಪ್ರತಿ ಹೆಸರನ್ನೂ ಹುಡುಕಿ, ಅವರು ಯಾವ ವಿಮಾನದಲ್ಲಿ ಏನು ಕೆಲಸ ಮಾಡಿದರು ಅಂತ ಒಂದು ಹಾಳೆಯಲ್ಲಿ ಬರೆದು ಸರ್ಟಿಫಿಕೇಟಿನ ಜೊತೆ ಇಡಲಿ. ಮುಂದೆ ಕೊಳ್ಳುವವರಿಗೂ ಅದು ಸೇರಲಿ. ನಿಮ್ಮಲ್ಲೂ ಒಂದು ಕೋರಿಕೆ ಇದೆ, ಸಂಪಾದಕರೇ. ಮುಂದೊಮ್ಮೆ ಈ ವಿಷಯ ಪುರವಣಿಗೆ ಬಂದಾಗ ಬೆಲೆಪಟ್ಟಿಯ ಬದಲು ಒಂದೇ ಒಂದು ಪ್ರಿಂಟ್ ಆರಿಸಿಕೊಂಡು ಅದರ ಅಂಚಿನ ಹೆಸರುಗಳ ಕಥೆ ಬರೆಸಿ. ಆ ವಿಮಾನವನ್ನು ಸಜ್ಜು ಮಾಡಿದ ಗ್ರೌಂಡ್ ಕ್ರೂ ಯಾರು ಅಂತಲೂ ಅದರಲ್ಲಿ ಬರಲಿ.

ಇಂತಿ,
ವಾಯುಪಡೆಯ ನಿವೃತ್ತ ಏರ್‌ಫ್ರೇಮ್ ಫಿಟ್ಟರ್, ನಿಮ್ಮ ಓದುಗ