ಸಾವ್ಕಾರನಿಗೆ ಬುಸ್ ಅಂದ ಎಲ್ರಿಗೂ ಥ್ಯಾಂಕ್ಸ್

ಅಂತೂ ನಮ್ಮ ಸ್ಕೂಲ್ ಮಕ್ಕಳ ನಾಟಕ ಮುಗೀತು. ಶನಿವಾರ ಬಂದವ್ರಿಗೆ ಕತೆ ಗೊತ್ತೇ ಇದೆ, ಇರ್ವಿನ್ ನಾಲೆ (ಈಗಿನ ವಿಶ್ವೇಶ್ವರಯ್ಯ ನಾಲೆ) ನೀರು ಬರುತ್ತೆ ಅಂತ ಗೊತ್ತಾಗಿದ್ದೇ ತಡ ವಿಧವೆಯ ಒಣಹೊಲದ ಮೇಲೆ ಕಣ್ಣು ಹಾಕೋ ಸಾವ್ಕಾರ, ಸುಳ್ಳು ಸಾಲಪತ್ರ, ಆಲೆಮನೆ ಕೊಪ್ಪರಿಗೆ ಪಕ್ಕ ಕಂಬಕ್ಕೆ ಕಟ್ಟಿಹಾಕಿದ ಹೀರೋಯಿನ್ನು, ಪಕ್ಕಾ ಹಳೇ ಕಂಪನಿ ನಾಟಕದ ಸ್ಟೈಲು. ಸಾವ್ಕಾರ ಬಂದಾಗೆಲ್ಲ ಬುಸ್ ಅನ್ನಿ ಅಂತ ಮೊದ್ಲೇ ಹೇಳಿದ್ವಿ, ನಮ್ಮ ಮಂಡ್ಯ ಜನ ಬುಸ್ ಅಂದಿದ್ದೂ ಅಲ್ದೆ ಬೈದ್ರು ಕೂಡ. ಖುಷಿಯಾಯ್ತು.

ಹೆಡ್ ಮೇಷ್ಟ್ರು, ಸೀರೆ ಕೊಟ್ಟ ಅಮ್ಮಂದ್ರು, ಹೊಲದಿಂದ ಕಬ್ಬು ಕಡ್ಕೊಂಡು ಬಂದ ಅಪ್ಪಂದ್ರು (ಅರ್ಧ ಸೆಟ್ ಇಂಟರ್ವಲ್‌ಗೆ ಮುಂಚೆನೇ ಮಕ್ಕಳ ಹೊಟ್ಟೆ ಸೇರಿತ್ತು), ಹಾರ್ಮೋನಿಯಂ ಮೇಷ್ಟ್ರು, ಮೈಕ್ ಸೆಟ್ ಹುಡುಗ್ರು, ಎಲ್ರಿಗೂ ಥ್ಯಾಂಕ್ಸ್.

ಆದ್ರೆ ನಾನು ಕೂತು ಬರೀತಿರೋದು ನಾಟಕದ ಪರದೆಗಳನ್ನ ಬಾಡಿಗೆಗೆ ತಂದು ಕಟ್ಟೋ ಸೀನರಿ ಅಣ್ಣನಿಗೋಸ್ಕರ. ಹೆಸ್ರು ಗಿಸ್ರು ಹಾಕ್ಬ್ಯಾಡಿ ಮೇಡಮ್ಮೋರೆ ಅಂದಿದ್ದಾರೆ, ಹಾಕಲ್ಲ.

ಶುಕ್ರವಾರ ರಾತ್ರಿ ನಮ್ಮ ಸಾವ್ಕಾರನ ಪಾತ್ರದ ಹುಡುಗ ಜ್ವರ ಬಂದು ಆಸ್ಪತ್ರೆ ಸೇರಿದ ವಿಷ್ಯ ಎಲ್ರಿಗೂ ಗೊತ್ತು, ಅದನ್ನ ಮತ್ತೆ ಬರೆಯಲ್ಲ. ಫೋನ್ ಬಂದಾಗ ನಾನು ಗ್ರೀನ್ ರೂಮಲ್ಲಿ ಅಂಟು ಮೀಸೆ ಹುಡುಕ್ತಾ ಇದ್ದೆ. ಅಲ್ಲಿ ಒಂದು ಮಗು ಡ್ರಿಪ್ ಹಾಕ್ಕೊಂಡು ಮಲ್ಗಿದೆ, ಇಲ್ಲಿ ನನ್ನ ಕೈಲಿ ಮೀಸೆ. ನಾಟಕ ಅಂದ್ರೇನೆ ಅಸಹ್ಯ ಆಗೋಯ್ತು ಆ ಕ್ಷಣ. ಎಸ್ಸೆಸ್ಸೆಲ್ಸಿ ಮಕ್ಳಿಗೆ ಇದೆಲ್ಲ ಯಾಕೆ ಅಂತ ಸ್ಟಾಫ್ ರೂಮಲ್ಲಿ ಕೇಳಿದವ್ರ ಮುಖ ಎಲ್ಲಾ ಸಾಲಾಗಿ ಕಣ್ಮುಂದೆ ಬಂತು. ಸ್ಟೇಜ್ ಮೇಲೇ ಕೂತು ಅತ್ತೆ.

ಅಣ್ಣ ಬೀದಿ ಸೀನು ಕಾಡು ಸೀನು ಎಲ್ಲಾ ಕಟ್ಟಿ ಮುಗಿಸಿ ಲಗೇಜ್ ಆಟೋ ಹತ್ತೋದ್ರಲ್ಲಿದ್ರು, ನನ್ನ ನೋಡಿ ಇಳಿದು ಬಂದ್ರು. ಸಮಾಧಾನ ಗಿಮಾಧಾನ ಏನೂ ಹೇಳ್ಲಿಲ್ಲ, ಆಟೋ ವಾಪಸ್ ಕಳ್ಸಿ, ಟೀ ತರಿಸಿ, 'ಮಾತೆಲ್ಲ ಬಾಯಿಗೆ ಬರೋರು ಬೇರೆ ಯಾರವ್ರೆ' ಅಂತ ಅಷ್ಟೇ ಕೇಳಿದ್ರು. ಬರ್ತಿದ್ದಿದ್ದು ಪ್ರಾಂಪ್ಟಿಂಗ್ (ಮರೆಯಿಂದ ಮಾತು ಹೇಳ್ಕೊಡೋದು) ಮಾಡ್ತಿದ್ದ ಒಂಬತ್ತನೇ ಕ್ಲಾಸ್ ಹುಡುಗಿಗೆ, ಮನೆ ಸ್ಕೂಲ್ ಹಿಂದೇನೆ, ಅವ್ರಮ್ಮ ಶಾಲು ಹೊದ್ಕೊಂಡು ಮಗಳನ್ನ ಕರ್ಕೊಂಡು ಬಂದು ಮುಂದಿನ ಸಾಲಲ್ಲಿ ಕೂತ್ರು. ಕಂಪನಿ ಕಾಲದಲ್ಲಿ ಗಂಡಸ್ರು ಸೀರೆ ಉಟ್ಟು ಹೆಣ್ ಪಾತ್ರ ಮಾಡ್ತಿದ್ರಲ್ಲ, ನಮ್ಮಲ್ಲಿ ಹುಡುಗಿ ಪಂಚೆ ಕಟ್ಟಿದ್ಲು.

ಆಮೇಲೆ ಗೊತ್ತಾಯ್ತು, ಅಣ್ಣ ಹುಡುಗರಾಗಿದ್ದಾಗ ಊರಲ್ಲಿ ಪೌರಾಣಿಕ ನಾಟಕಕ್ಕೆ ದ್ರೌಪದಿ ಪಾತ್ರ ಕಟ್ತಿದ್ರಂತೆ! 'ಸಾವ್ಕಾರ ಅಂದ್ರೆ ಹೆಜ್ಜೆ ಹೆಜ್ಜೆಗೂ ನೆಲಕ್ಕೆ ಬಡ್ಡಿ ಹಾಕ್ದಂಗೆ ನಡೀಬೇಕು ಕಣವ್ವಾ' ಅಂತ ತಾವೇ ನಡೆದು ತೋರ್ಸಿದ್ರು. ಸ್ವಗತ ಹೇಳುವಾಗ ಪಕ್ಕದಲ್ಲಿರೋರ ಕಡೆ ನೋಡ್ಲೇಬಾರ್ದು, ಬಾಯಿಗೆ ಕೈ ಅಡ್ಡ ಇಟ್ಕೊಂಡು ನೇರ ಜನಕ್ಕೇ ಹೇಳ್ಬೇಕು, ಜನ ಬುಸ್ ಅಂದ್ರೆ ಅದು ನಿಲ್ಲೋ ತನಕ ಅಲ್ಲೇ ಕಲ್ಲಾಗ್ಬೇಕು. ನಾನು ತಿಂಗಳುಗಟ್ಲೆ ಗುಬ್ಬಿ ವೀರಣ್ಣನವರ ಹಾಸ್ಯ ಪಾತ್ರಗಳು, ಟೈಮಿಂಗು ಅಂತ ಭಾಷಣ ಬಿಗಿದಿದ್ದು ತಲೆಗೆ ಹೋಗಿತ್ತೋ ಇಲ್ವೋ, ಇದು ಒಂದೇ ರಾತ್ರಿಲಿ ಹೋಯ್ತು.

ಬೆಳಗಿನ ಜಾವ ಫೋನ್ ಬಂತು, ಜ್ವರ ಇಳೀತಿದೆ ಅಂತ. ಹುಡುಗ ಮೊದ್ಲು ಕೇಳಿದ್ದೇನು ಗೊತ್ತಾ, 'ಮಿಸ್, ನನ್ ಮೀಸೆ ಯಾರಿಗ್ ಕೊಟ್ರಿ?' ಅಣ್ಣ ಅಷ್ಟೊತ್ತಿಗೆ ಕಾಡು ಸೀನಿನ ಹಿಂದೆ ಜಮಖಾನ ಹಾಸ್ಕೊಂಡು ಗೊರಕೆ ಹೊಡೀತಿದ್ರು.

ರಾತ್ರಿಯೆಲ್ಲಾ ಕೂತಿದ್ದಕ್ಕೆ ಎಷ್ಟು ಕೊಡ್ಬೇಕು ಅಂತ ಕೇಳಿದ್ದಕ್ಕೆ ಬೈದ್ರು, ಸೀನರಿ ಬಾಡಿಗೆ ಮಾತ್ರ ಎಣಿಸಿ ತಗೊಂಡ್ರು. ನಿಮ್ಮೂರಲ್ಲಿ ನಾಟಕ ಇದ್ರೆ ನನ್ನ ಕೇಳಿ, ಅವ್ರ ನಂಬರ್ ಕೊಡ್ತೀನಿ.

ಈಗ ಇಬ್ರು ಸಾವ್ಕಾರರೂ ಮುಂದಿನ ಶೋ ನಂದು ನಂದು ಅಂತ ಜಗಳಕ್ಕೆ ನಿಂತಿದ್ದಾರೆ. ಹಾಂ, ಸಾವ್ಕಾರನ ಜರಿಪೇಟ ಬಾಡಿಗೇದು, ಯಾರ ಮನೆ ಬ್ಯಾಗಲ್ಲಿದೆಯೋ ದಯವಿಟ್ಟು ನೋಡಿ, ಸೋಮವಾರ ವಾಪಸ್ ಕೊಡ್ಬೇಕು.