ಗದ್ದಲ ಸಹಿಸಿದವರಿಗೆ

ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ನನ್ನ ಪಾಲಿಗೇ ಬಂದವು. ಅವುಗಳಲ್ಲಿ ಅರ್ಧ ಬೇರೆಯವರಿಗೆ ಸಲ್ಲಬೇಕಿತ್ತು. ಹಾವೇರಿ ಜಿಲ್ಲೆಯ ಸರ್ಕಾರಿ ಬಾಲಕಿಯರ ಪ್ರೌಢಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವಳು ಕಳೆದ ತಿಂಗಳ ಕೊನೆಗೆ ನಿವೃತ್ತಳಾದೆ. ಹರಸಿದವರಿಗೆ, ಫೋನ್ ಮಾಡಿದವರಿಗೆ, ದೂರದ ಊರುಗಳಿಂದ ಬಸ್ ಹತ್ತಿ ಬಂದವರಿಗೆ ನಮಸ್ಕಾರ. ಕೆಲವರ ಋಣವನ್ನು ಮಾತ್ರ ಬಿಡಿಸಿ ಹೇಳಬೇಕು.

ಮೊದಲು ಪಕ್ಕದ ಕೋಣೆಯ ಗಣಿತದ ಮೇಷ್ಟ್ರಿಗೆ. ನನ್ನ ಪೀರಿಯಡ್ ಅಂದರೆ ಗದ್ದಲ. ಎಂಟನೇ ತರಗತಿಗೆ ಬರುವ ಹುಡುಗಿ ಇಂಗ್ಲಿಷ್ ಬರೆದಾಳು, ದುಂಡಗಿನ ಅಕ್ಷರದಲ್ಲೇ ಬರೆದಾಳು, ಬಾಯಿ ಮಾತ್ರ ಬಿಡಳು. 2007-08ರಲ್ಲಿ ಒಂದನೇ ತರಗತಿಗೇ ಇಂಗ್ಲಿಷ್ ಬಂತು. ಅದಕ್ಕೂ ಮೊದಲಿನವರು ಐದರಲ್ಲಿ ಎಬಿಸಿಡಿ ತಿದ್ದಿ ಬರುತ್ತಿದ್ದರು. ಆಮೇಲಿನವರಿಗೆ ಪದಗಳು ಹೆಚ್ಚು ಗೊತ್ತಿದ್ದವು, ಸಂಕೋಚ ಅಷ್ಟೇ ಇತ್ತು. ಹೆಣ್ಣುಮಗಳ ದನಿ ಹೊಸ್ತಿಲು ದಾಟಬಾರದು ಎಂದು ಕೇಳುತ್ತ ಬೆಳೆದವರಲ್ಲವೆ? ಪದ್ಯವಿರಲಿ, ಪಾಠವಿರಲಿ, ಹಿಂದಿನ ಬೆಂಚಿಗೆ ಕೇಳುವಂತೆ ಓದಬೇಕು ಎಂಬುದೊಂದೇ ನನ್ನ ಕಟ್ಟಳೆ. ಗೋಡೆಯಾಚೆ ಪೈಥಾಗೊರಸ್ ಪ್ರಮೇಯ ಸಾಧಿಸುತ್ತಿದ್ದ ಮೇಷ್ಟ್ರು ಒಮ್ಮೆಯೂ ದೂರಲಿಲ್ಲ. "ಅಕ್ಕೋರ, ಇವತ್ತ ನಿಮ್ಮ ಹುಡುಗ್ಯಾರ ದನಿ ಸಂತಿ ತನಕ ಕೇಳಸ್ತಿತ್ತ ನೋಡ್ರಿ" ಎಂದು ನಗುತ್ತಿದ್ದರು, ಅಷ್ಟೆ.

ಈ ಹುಚ್ಚು ನನಗೆ ಹತ್ತಿದ್ದು ಬೆಂಗಳೂರಿನ ಜ್ಞಾನಭಾರತಿ ಆವರಣದಲ್ಲಿರುವ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ತರಬೇತಿಯಲ್ಲಿ. ನಾನೂ ಕನ್ನಡ ಮಾಧ್ಯಮದವಳೇ. ವ್ಯಾಕರಣ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಅಲ್ಲಿಯ ಗುರುಗಳು ಮೊದಲು ನನ್ನ ಗಂಟಲು ಬಿಡಿಸಿದರು.

ಹತ್ತನೆಯ ಪುಸ್ತಕದಲ್ಲಿ ಶೇಕ್ಸ್‌ಪಿಯರನ 'ಮರ್ಚೆಂಟ್ ಆಫ್ ವೆನಿಸ್' ನಾಟಕದ ಕರುಣೆಯ ಸಾಲುಗಳು ಪದ್ಯವಾಗಿ ಬಂದಿದ್ದವು. ಪರೀಕ್ಷೆಯ ಮಟ್ಟಿಗೆ ಕಂಠಪಾಠ ಮಾಡಿ ಮುಗಿಸುವ ಪದ್ಯ ಅದು. ಆದರೆ ಈ ಮಾತು ಆಡುವವಳು ಗಂಡಿನ ವೇಷದಲ್ಲಿ ವಕೀಲಳಾಗಿ ನ್ಯಾಯಾಲಯಕ್ಕೆ ಬಂದ ಪೋರ್ಷಿಯಾ ಎಂಬ ಹುಡುಗಿ ಎಂದದ್ದೇ ತಡ, ತೂಕಡಿಸುತ್ತಿದ್ದವರೂ ಎದ್ದು ಕೂತರು. ಸ್ನೇಹ ಸಮ್ಮೇಳನಕ್ಕೆ ಆ ದೃಶ್ಯ ಆಡಿದೆವು. ಎಲ್ಲರಿಗೂ ಸಾಲ ಕೊಟ್ಟ ಶೈಲಾಕನ ಪಾತ್ರವೇ ಬೇಕು, ಗಡ್ಡದ ಆಸೆ! ಪೋರ್ಷಿಯಾಳಿಗೆ ತಮ್ಮ ಕರಿಕೋಟು ಕೊಟ್ಟ ವಕೀಲರಿಗೆ ವಂದನೆ. ಅದು ಅವಳ ಮೊಣಕಾಲು ಮುಚ್ಚುತ್ತಿತ್ತು. ತಾಲೀಮಿನ ನಡುವೆ ಒಬ್ಬಳು ಎದ್ದು, "ಸಾಲ ಬೇಕಾಗಿದ್ದು ಬಸ್ಸಾನಿಯೊಗ, ಸಿಕ್ಕೊಂಡಾವ ಆಂಟೋನಿಯೊ. ಸಂಘದಾಗ ಯಾರಿಗೂ ಜಾಮೀನ ನಿಲ್ಲಬಾರ್ದು ಅಂತ ನಮ್ಮವ್ವ ಅದಕ್ಕ ಹೇಳ್ತಾಳ್ರಿ" ಅಂದಳು. ಆ ನಾಟಕದ ಬಗ್ಗೆ ನಾನು ಓದಿದ ಯಾವ ವಿಮರ್ಶೆಯೂ ಇಷ್ಟು ನೆಟ್ಟಗೆ ವಿಷಯಕ್ಕೆ ಬಂದಿರಲಿಲ್ಲ. ಆ ತಾಯಿಗೂ ಶರಣು.

ಅದೇ ಪುಸ್ತಕದಲ್ಲಿ ವಿ.ಕೃ. ಗೋಕಾಕರ ಇಂಗ್ಲಿಷ್ ಪದ್ಯವೂ ಇತ್ತು. ಕನ್ನಡಕ್ಕೆ ಜ್ಞಾನಪೀಠ ತಂದವರು ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದರು, ಅದೂ ನಮ್ಮ ಸವಣೂರಿನಲ್ಲಿ ಹುಟ್ಟಿದವರು ಎಂದಾಗ, ಸವಣೂರು ಕಡೆಯಿಂದ ಬರುತ್ತಿದ್ದವಳು ಆ ದಿನ ಬೇರೆಯೇ ಗತ್ತಿನಲ್ಲಿ ಓದಿದಳು.

ಇನ್ನು ಅವ್ವಂದಿರು. ಪೂರ್ವಸಿದ್ಧತಾ ಪರೀಕ್ಷೆ ಬರುವುದೂ ಬ್ಯಾಡಗಿ ಮೆಣಸಿನಕಾಯಿ ಹಂಗಾಮು ಏರುವುದೂ ಒಟ್ಟಿಗೇ. ತೊಟ್ಟು ಬಿಡಿಸಲು ಹೋದರೆ ಕೂಲಿ ಕೈಗೆ ಬರುತ್ತದೆ. ಇಂಗ್ಲಿಷ್ ಪದ್ಯದಿಂದ ಏನು ಬರುತ್ತದೆ ಎಂದು ಅವರಿಗೆ ವಿವರಿಸುವುದು ನನಗೂ ಕಷ್ಟವಿತ್ತು. ಹಾಗಿದ್ದೂ ಮಗಳನ್ನು ಜೊತೆಗೆ ಕರೆದೊಯ್ಯದೆ, ಘಾಟಿಗೆ ತಾವೇ ಕೆಮ್ಮುತ್ತ ಕೂತು ಅವಳನ್ನು ಶಾಲೆಗೆ ಕಳಿಸಿದಿರಿ. ಶಾಲು ಹೊದಿಸಬೇಕಾದದ್ದು ನಿಮಗೆ. ಇದು ಸೌಜನ್ಯದ ಮಾತಲ್ಲ.

ಕೊರೊನಾ ಕಾಲದ ಸಾಲವೂ ಇದೆ. ಮುಂದೂಡಿದ್ದ ಎಸ್‌ಎಸ್‌ಎಲ್‌ಸಿ ಪರೀಕ್ಷೆ 2020ರ ಜೂನ್ 25ರಂದು ಶುರುವಾದದ್ದೇ ಇಂಗ್ಲಿಷ್ ಪತ್ರಿಕೆಯಿಂದ. ಅಲ್ಲಿಯವರೆಗೆ ಓದಿಸಿದ್ದು ಫೋನಿನಲ್ಲಿ. ಮನೆಯಲ್ಲಿ ಫೋನಿಲ್ಲದವರಿಗೆ ತನ್ನ ಫೋನು ಕೊಟ್ಟು, ಗಿರಾಕಿಗಳ ಎದುರೇ ಪದ್ಯ ಹೇಳಿಸಿ ನನಗೆ ಧ್ವನಿ ಸಂದೇಶ ಕಳಿಸುತ್ತಿದ್ದ ಕಿರಾಣಿ ಅಂಗಡಿಯ ಅಣ್ಣನಿಗೆ, ಪರೀಕ್ಷೆಯ ದಿನ ಗೇಟಿನಲ್ಲಿ ಒಬ್ಬೊಬ್ಬಳ ಹಣೆಗೂ ಥರ್ಮಲ್ ಸ್ಕ್ಯಾನರ್ ಹಿಡಿದು "ಹೆದರಬ್ಯಾಡವಾ" ಎಂದು ಒಳಗೆ ಬಿಟ್ಟ ಆರೋಗ್ಯ ಕಾರ್ಯಕರ್ತೆಯರಿಗೆ ಧನ್ಯವಾದ.

ಹಳೆಯ ವಿದ್ಯಾರ್ಥಿನಿಯರು ನನಗೊಂದು ಉಂಗುರ ಮಾಡಿಸಲು ಹಣ ಕೂಡಿಸಿದ್ದರು. ಅದರಲ್ಲಿ ಶಾಲೆಗೆ ನಿಘಂಟುಗಳೂ ಬಾಗಿಲಿಲ್ಲದ ಒಂದು ಕಪಾಟೂ ಬಂದಿವೆ. ಬಾಗಿಲು ಬೇಡ ಅಂದವಳು ನಾನೇ. ಬೀಗ ಜಡಿದ ಪುಸ್ತಕಗಳನ್ನು ನೋಡಿ ನೋಡಿ ಸಾಕಾಗಿದೆ. ಉಂಗುರ ಬೇಡವೆಂದದ್ದಕ್ಕೆ ಮುನಿಸಿಕೊಂಡವರು ಪಂಚಮಿಗೆ ಮನೆಗೆ ಬನ್ನಿ. ಶೇಂಗಾ ಉಂಡಿ, ಎಳ್ಳುಂಡಿ ಎರಡೂ ಕಟ್ಟಿರುತ್ತೇನೆ, ಜಗಳ ಅಲ್ಲೇ ಮುಗಿಸೋಣ.