ನಾಲ್ಕು ವರ್ಷ ದಾರ ಉಲ್ಟಾ ಸುತ್ತಿದೆ

ಮಾನ್ಯ ಸಂಪಾದಕರೇ,

ಹೋದ ಭಾನುವಾರದ ನಿಮ್ಮ ಪುರವಣಿಯಲ್ಲಿ, ಈಗ ಏನು ಬೇಕಾದರೂ ಮನೆಯಲ್ಲೇ ಕೂತು ಮೊಬೈಲ್ ನೋಡಿಕೊಂಡು ಕಲಿಯಬಹುದು, ಮೇಷ್ಟ್ರೂ ಬೇಡ ಕ್ಲಾಸೂ ಬೇಡ ಅನ್ನುವ ಅರ್ಥದ ಬರಹ ಬಂದಿತ್ತು. ಓದಿ ನಗು ಬಂತು. ಸುಳ್ಳು ಅಂತಲ್ಲ, ಅರ್ಧ ನಿಜ. ಉಳಿದ ಅರ್ಧ ಗೊತ್ತಾಗೋಕೆ ನನಗೆ ನಾಲ್ಕು ವರ್ಷ ಹಿಡಿಯಿತು. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಬಹುದು, ಕತ್ತರಿ ನಿಮ್ಮ ಕೈಯಲ್ಲಿದೆ.

ನಾನು ತಿಪಟೂರಿನವನು. ಮೂವತ್ತು ವರ್ಷದಿಂದ ಮೋಟಾರ್ ರೀವೈಂಡಿಂಗ್ ಅಂಗಡಿ ಇಟ್ಟುಕೊಂಡಿದ್ದೇನೆ. ತೆಂಗಿನ ತೋಟದವರ ಬೋರ್‌ವೆಲ್ ಮೋಟಾರ್ ಸುಟ್ಟರೆ ಸುಟ್ಟ ತಾಮ್ರ ಕಿತ್ತು ಹೊಸದು ಸುತ್ತಿ ಕೊಡುವುದು ನನ್ನ ಕೆಲಸ. ವಯಸ್ಸು 58. ಮತ್ತೆ, ನಾನು ಹೆಣಿಗೆ ಹಾಕುತ್ತೇನೆ. ಹೌದು, ಎರಡು ಕಡ್ಡಿ, ಉಣ್ಣೆ ದಾರ, ಸ್ವೆಟರು, ಕುಲಾವಿ. ಅಂಗಡಿಗೆ ಬರುವ ರೈತರು ಮೊದಮೊದಲು ಮುಖ ಮುಖ ನೋಡುತ್ತಿದ್ದರು. ಈಗ ಕೆಲವರು ಮೊಮ್ಮಕ್ಕಳ ಅಳತೆ ತಂದುಕೊಡುತ್ತಾರೆ, ಅದು ಬೇರೆ ಕಷ್ಟ.

ಶುರುವಾಗಿದ್ದು 2020ರ ಲಾಕ್‌ಡೌನಿನಲ್ಲಿ. ಅಂಗಡಿ ಬಾಗಿಲು ಹಾಕಿತ್ತು. ಮಗಳು ಬಸುರಿ. ಬಾಣಂತನಕ್ಕೆ ಅಂತ ಹಳೇ ಬಟ್ಟೆ ಹುಡುಕುವಾಗ ಟ್ರಂಕಿನ ತಳದಲ್ಲಿ ತೀರಿಕೊಂಡ ನಮ್ಮ ಅತ್ತೆಯವರ ಕಡ್ಡಿಗಳು ಸಿಕ್ಕವು. ಅಲ್ಯೂಮಿನಿಯಮ್ಮಿನವು, ತಲೆಯ ಮೇಲೆ 10 ಅಂತ ನಂಬರು. ಜೊತೆಗೆ ಯಾವುದೋ ವಾರಪತ್ರಿಕೆಯಿಂದ ಕತ್ತರಿಸಿ ಇಟ್ಟ ಹೆಣಿಗೆ ವಿನ್ಯಾಸದ ಹಾಳೆಗಳು, ಮುಟ್ಟಿದರೆ ಪುಡಿ. ನನ್ನ ಹೆಂಡತಿ ಕಲಿತಿರಲಿಲ್ಲ. ಕೈ ಸುಮ್ನೆ ಇರಲ್ಲವಲ್ಲ, ನಾನೇ ಕೂತೆ.

ಗುರು ಅಂದರೆ ಯೂಟ್ಯೂಬು. ಕನ್ನಡದಲ್ಲಿ ನನಗೆ ಆಗ ಸಿಕ್ಕಿದ್ದು ಎರಡೋ ಮೂರೋ. ಹಿಂದಿಯಲ್ಲಿ ರಾಶಿ ರಾಶಿ. ಹಾಗಾಗಿ ನನ್ನ ಬಾಯಲ್ಲಿ ಇವತ್ತಿಗೂ ಸೀದಾ, ಉಲ್ಟಾ ಅಂತಲೇ ಬರುವುದು. ಬಟ್ಟೆಯ ನಯವಾದ ಮುಖ ನಮ್ಮ ಕಡೆ ಬರುವ ಹಾಗೆ ಹಾಕಿದರೆ ಸೀದಾ, ಉಬ್ಬು ಗಂಟಿನ ಮುಖ ಬರುವ ಹಾಗೆ ಹಾಕಿದರೆ ಉಲ್ಟಾ. ಕಡ್ಡಿಯ ಮೇಲೆ ಕೂರುವ ಒಂದೊಂದು ಕುಣಿಕೆಗೆ ಅವರು ಫಂದಾ ಅಂತಾರೆ. ನಮ್ಮ ಅತ್ತೆಯವರು ಮನೆ ಅಂತಿದ್ದರಂತೆ. ನನಗೆ ಆ ಮಾತು ಇಷ್ಟವಾಯಿತು, ಮನೆ ಅಂತಲೇ ಇಟ್ಟುಕೊಂಡೆ. ನಲವತ್ತು ಮನೆ ಹಾಕು, ಒಂದು ಮನೆ ಜಾರಿತು, ಹೀಗೆ.

ಎಡವಟ್ಟುಗಳನ್ನು ಹೇಳಲು ಹೊರಟರೆ ಪತ್ರಿಕೆ ಸಾಲದು. ಮೊದಲನೆಯದು ನಂಬರಿನದು. ಅಮೆರಿಕದ ಒಬ್ಬಾಕೆ ವಿಡಿಯೊದಲ್ಲಿ 6 ನಂಬರ್ ಕಡ್ಡಿ ಅಂದಳು. ಅಂಗಡಿಯಲ್ಲಿ 6 ನಂಬರ್ ಕೇಳಿ ತಂದೆ. ಹುಟ್ಟುವ ಮಗುವಿಗೆ ಅಂತ ಹಾಕಿದ ಕುಲಾವಿ ನನ್ನ ತಲೆಗೂ ಸಡಿಲ ಆಯಿತು. ಎರಡು ದಿನ ತಲೆ ಕೆಡಿಸಿಕೊಂಡು, ಕೊನೆಗೆ ಅಂಗಡಿಯ ಮೈಕ್ರೋಮೀಟರ್ ತಂದು ಕಡ್ಡಿ ಅಳೆದೆ. 5 ಮಿಲಿಮೀಟರ್! ಅಮೆರಿಕದ 6 ಅಂದರೆ 4 ಮಿಲಿಮೀಟರ್. ನಮ್ಮಲ್ಲಿ ನಡೆಯುವುದು ಹಳೇ ಬ್ರಿಟಿಷ್ ನಂಬರು, ಅದರಲ್ಲಿ 6 ಅಂದರೆ 5. ಅಲ್ಲಿ ನಂಬರ್ ಏರಿದರೆ ಕಡ್ಡಿ ದಪ್ಪ, ಇಲ್ಲಿ ನಂಬರ್ ಏರಿದರೆ ಸಣ್ಣ. ಅತ್ತೆಯವರ 10 ನಂಬರ್ ಅಳೆದರೆ 3.25. ಆಗ ತಲೆಗೆ ಹೊಳೆಯಿತು ನೋಡಿ, ಇದು ನಮ್ಮ ತಂತಿಯ ದಪ್ಪ ಹೇಳುವ ಗೇಜೇ ಅಲ್ವಾ? 10 ಗೇಜ್ ತಂತಿ 3.25 ಮಿಲಿಮೀಟರ್, 8 ಗೇಜ್ 4ರ ಹತ್ತಿರ. ಕಡ್ಡಿಯ ಹಳೇ ನಂಬರು ಹುಟ್ಟಿದ್ದೇ ಬ್ರಿಟಿಷರ ತಂತಿ ಗೇಜಿನಿಂದ. ಮೂವತ್ತು ವರ್ಷ ಅದೇ ಗೇಜಿನಲ್ಲಿ ಬದುಕಿದವನು ನಾನು, ಗೊತ್ತಾಗಲಿಲ್ಲ.

ಎರಡನೆಯದು ದಾರ ಸಾಲದೆ ಹೋಗಿದ್ದು. ತಾಮ್ರವನ್ನು ಗ್ರಾಂ ಲೆಕ್ಕದಲ್ಲಿ ತೂಗಿ ತರುವವನು ಉಣ್ಣೆಯನ್ನು ಕಣ್ಣಳತೆಯಲ್ಲಿ ತಂದೆ. ಒಂದು ತೋಳು ಬಾಕಿ ಇರುವಾಗ ಮುಗಿಯಿತು. ಅದೇ ಕಂಪನಿ, ಅದೇ ಹಳದಿ ಅಂತ ಮತ್ತೆರಡು ಉಂಡೆ ತಂದು ಮುಗಿಸಿ ಬಿಸಿಲಿಗೆ ಹಿಡಿದರೆ ಒಂದು ತೋಳು ಅರಿಶಿನ, ಇನ್ನೊಂದು ನಿಂಬೆಹಣ್ಣು. ಉಂಡೆಯ ಚೀಟಿಯ ಮೇಲೆ ಬಣ್ಣದ ನಂಬರಿನ ಪಕ್ಕದಲ್ಲಿ ಲಾಟ್ ನಂಬರ್ ಅಂತ ಇನ್ನೊಂದು ಇರುತ್ತದೆ. ಒಂದೇ ಸಲಕ್ಕೆ ಬಣ್ಣದಲ್ಲಿ ಅದ್ದಿದ ದಾರಕ್ಕೆ ಒಂದು ಲಾಟು. ಅದೂ ಒಂದೇ ಇರಬೇಕು. ಇದನ್ನು ಯಾವ ವಿಡಿಯೊದಲ್ಲೂ ಹೇಳಿರಲಿಲ್ಲ, ಅಥವಾ ನಾನು ಓಡಿಸಿಕೊಂಡು ನೋಡಿದ್ದೆನೋ ಏನೋ. ಇನ್ನು ಚೆನ್ನಾಗಿ ಕಾಣಲಿ ಅಂತ ಅಕ್ರಿಲಿಕ್, ಅಂದರೆ ಪ್ಲಾಸ್ಟಿಕ್ ಜಾತಿಯ ದಾರದ ಸ್ವೆಟರಿಗೆ ಇಸ್ತ್ರಿ ಪೆಟ್ಟಿಗೆ ಇಟ್ಟ ಕಥೆ ಬಿಡಿ. ಬೇಯಿಸಿದ ಸೊಪ್ಪಿನ ಹಾಗೆ ಜೋತು ಬಿತ್ತು.

ಇವೆಲ್ಲ ಕಣ್ಣಿಗೆ ಕಾಣುವ ತಪ್ಪು. ಆದ ತಕ್ಷಣ ಗೊತ್ತಾಗುತ್ತದೆ, ಬೈದುಕೊಂಡು ಬಿಚ್ಚಿ ಮತ್ತೆ ಹಾಕಬಹುದು. ಕಾಣದೆ ಇದ್ದಿದ್ದು ಇನ್ನೊಂದು.

ನನ್ನ ಸ್ವೆಟರುಗಳು ಯಾಕೋ ಬಿಗಿ. ವಿನ್ಯಾಸದಲ್ಲಿ 10 ಸೆಂಟಿಮೀಟರಿಗೆ 22 ಮನೆ ಅಂತ ಇದ್ದರೆ ನನಗೆ 25 ಬರುತ್ತಿತ್ತು. ಮೂರು ಮನೆ ಏನು ಮಹಾ ಅನ್ನಿಸಬಹುದು. 132 ಮನೆಯ ಸುತ್ತಳತೆ 60 ಸೆಂಟಿಮೀಟರ್ ಬರಬೇಕಾದ್ದು 53ಕ್ಕೆ ನಿಲ್ಲುತ್ತದೆ, ಮಗುವಿನ ಮೈಗೆ ಹಿಡಿಸಲ್ಲ. ಬಟ್ಟೆ ಎಳೆದರೆ ಹಿಗ್ಗುತ್ತಲೂ ಇರಲಿಲ್ಲ, ಗೋಣಿಚೀಲದ ಹಾಗೆ. ಆದರೆ ಅದೇ ದಾರ, ಅಷ್ಟೇ ದಪ್ಪದ ಕಡ್ಡಿ, ಎರಡು ತುದಿಗಳ ನಡುವೆ ವೈರಿರುವ ಸುತ್ತಿನ ಕಡ್ಡಿಯಲ್ಲಿ ಟೋಪಿ ಹಾಕಿದರೆ ಮೆತ್ತಗೆ, ಹೂವಿನ ಹಾಗೆ! ನಾನು ದಾರಕ್ಕೆ ಬೈದೆ, ಕಡ್ಡಿಗೆ ಬೈದೆ, ಕೈ ಬಿಗಿ ಅಂತ ನನಗೇ ಬೈದುಕೊಂಡೆ. ಒಂದು ನಂಬರ್ ದಪ್ಪ ಕಡ್ಡಿ ತಗೊಂಡು ಲೆಕ್ಕ ಸರಿ ಮಾಡಿಕೊಂಡೆ. ಹೀಗೆ ನಾಲ್ಕು ವರ್ಷ.

2024ರ ಮಳೆಗಾಲದಲ್ಲಿ ತಂತಿ ತರಲು ತುಮಕೂರಿಗೆ ರೈಲಿನಲ್ಲಿ ಹೋಗುತ್ತಿದ್ದೆ. ಕಿಟಕಿ ಸೀಟು ಸಿಕ್ಕಿತ್ತು, ಕಡ್ಡಿ ತೆಗೆದೆ. ಎದುರಿಗೆ ಒಬ್ಬ ಹೆಂಗಸು ಅಮ್ಮಸಂದ್ರ ದಾಟುವವರೆಗೂ ನನ್ನ ಕೈಯನ್ನೇ ನೋಡುತ್ತಿದ್ದರು. ಗಂಡಸು ಹೆಣೆಯುವುದನ್ನು ನೋಡುವವರು ನನಗೆ ಹೊಸಬರಲ್ಲ. ಆದರೆ ಇವರು ಮುಖ ನೋಡಲಿಲ್ಲ, ಕೈ ಮಾತ್ರ ನೋಡಿದರು. ಗುಬ್ಬಿ ಬರುವ ಹೊತ್ತಿಗೆ ತಡೆಯಲಾಗದೆ ಕೇಳಿಯೇ ಬಿಟ್ಟರು: "ಸಾರ್, ನೀವು ಉಲ್ಟಾ ಹಾಕುವಾಗ ದಾರಾನ ಕೆಳಗಿಂದ ಯಾಕೆ ಎತ್ತುತ್ತೀರಿ?"

ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅವರು ಕಡ್ಡಿ ಈಸಿಕೊಂಡು ತೋರಿಸಿದರು. ಉಲ್ಟಾ ಮನೆ ಹಾಕುವಾಗ ದಾರ ಕಡ್ಡಿಯ ಮೇಲಿಂದ ಬಂದು ಕೆಳಗಿಳಿಯಬೇಕು. ನಾನು ಸುಲಭ ಅಂತ ಕೆಳಗಿಂದ ಗೋರಿಕೊಳ್ಳುತ್ತಿದ್ದೆ. ನೋಡೋಕೆ ವ್ಯತ್ಯಾಸವೇ ಇಲ್ಲ. ಆದರೆ ಹಾಗೆ ಮಾಡಿದರೆ ಮನೆ ಕಡ್ಡಿಯ ಮೇಲೆ ತಿರುಗಿ ಕೂರುತ್ತದೆ. ಪ್ರತಿ ಮನೆಗೂ ಕಡ್ಡಿಯ ಆಚೆ ಒಂದು, ಈಚೆ ಒಂದು ಕಾಲು ಇರುತ್ತದೆ. ಮುಂದಿರಬೇಕಾದ ಕಾಲು ಹಿಂದೆ, ಹಿಂದಿರಬೇಕಾದ ಕಾಲು ಮುಂದೆ. ಮುಂದಿನ ಸಾಲಿನಲ್ಲಿ ಅದನ್ನು ಎಂದಿನಂತೆ ಮುಂದಿನಿಂದ ಹೆಣೆದರೆ ಕಾಲುಗಳು ಕತ್ತರಿ ಹಾಕಿಕೊಳ್ಳುತ್ತವೆ. ಸ್ವೆಟರಿನಲ್ಲಿ ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ, ಹಾಗಾಗಿ ಒಂದು ಸಾಲು ಬಿಟ್ಟು ಒಂದು ಸಾಲು ಪೂರ್ತಿ ತಿರುಚು. ಬಟ್ಟೆ ಬಿಗಿಯದೆ ಇನ್ನೇನಾಗುತ್ತದೆ? ಸುತ್ತಿನ ಕಡ್ಡಿಯಲ್ಲಿ ಹಾಕುವ ಟೋಪಿಗೆ ಉಲ್ಟಾ ಸಾಲೇ ಬೇಕಿಲ್ಲ, ಬರೀ ಸೀದಾ. ಅದಕ್ಕೇ ಅದು ಮೆತ್ತಗೆ.

ಮೋಟಾರಿನಲ್ಲಿ ಒಂದು ಕಾಯಿಲ್ ಉಲ್ಟಾ ದಿಕ್ಕಿಗೆ ಸುತ್ತಿದರೆ ಮೋಟಾರ್ ಗುಂಯ್ ಅಂತ ಕೂರುತ್ತದೆ, ಕರೆಂಟ್ ಎಳೆಯುತ್ತದೆ, ಬಿಸಿಯಾಗುತ್ತದೆ. ಕೆಲಸಕ್ಕೆ ಸೇರುವ ಹುಡುಗರಿಗೆ ನಾನು ಮೊದಲ ದಿನ ಹೇಳುವ ಮಾತೇ ಇದು, ಎಷ್ಟು ಸುತ್ತು ಅನ್ನುವುದಕ್ಕಿಂತ ಯಾವ ಕಡೆಗೆ ಸುತ್ತು ಅನ್ನೋದನ್ನ ನೋಡ್ರೋ ಅಂತ. ಆ ದಿನ ತಂತಿ ತರುವುದನ್ನು ಮರೆತು ವಾಪಸ್ ಬಂದೆ ಅಂದರೆ ನೀವು ನಂಬಲ್ಲ. ಹೆಂಡತಿಯೂ ನಂಬಲಿಲ್ಲ.

ಆ ವಿಡಿಯೊಗಳಲ್ಲಿ ತಪ್ಪಿರಲಿಲ್ಲ. ಆಮೇಲೆ ಹೋಗಿ ನೋಡಿದೆ, ಎಲ್ಲರೂ ದಾರವನ್ನು ಮೇಲಿಂದಲೇ ತರುತ್ತಾರೆ. ನಾನು ನೂರು ಸಲ ಅವರ ಕೈ ನೋಡಿದ್ದೆ. ನನ್ನ ಕೈಯನ್ನು ನೋಡಿದವರು ಯಾರೂ ಇರಲಿಲ್ಲ. ನಿಮ್ಮ ಲೇಖಕರಿಗೆ ನಾನು ಹೇಳಬೇಕಾಗಿದ್ದು ಇಷ್ಟೇ.

ಆಕೆ ಇಳಿಯುವಾಗ ಅಮಾನಿಕೆರೆ ಪಾರ್ಕಿಗೆ ಭಾನುವಾರ ಬೆಳಿಗ್ಗೆ ಬನ್ನಿ, ನಾವೊಂದಷ್ಟು ಜನ ಸೇರುತ್ತೇವೆ ಅಂದಿದ್ದರು. ಹೋಗೋಕೆ ಒಂದು ತಿಂಗಳು ಮೀನಮೇಷ ಎಣಿಸಿದೆ. ಎಲ್ಲ ಹೆಂಗಸರು, ನಾನೊಬ್ಬ ಗಂಡಸು, ಏನು ಮಾತಾಡೋದು? ಕೊನೆಗೆ ಹೆಂಡತಿಯನ್ನೂ ಕರೆದುಕೊಂಡು ಹೋದೆ. ಎಂಟು ಜನ ಇದ್ದರು, ಚಾಪೆ ಹಾಸಿಕೊಂಡು, ನಡುವೆ ಒಂದು ಡಬ್ಬಿ ಚಕ್ಕುಲಿ. ಯಾರೂ ಎದ್ದು ಸ್ವಾಗತ ಮಾಡಲಿಲ್ಲ, ಪುಣ್ಯ. ಒಬ್ಬರು ಸರಿದು ಜಾಗ ಬಿಟ್ಟರು. ನನ್ನ ಚೀಲದಿಂದ ಸ್ವೆಟರ್ ಎಳೆದುಕೊಂಡು ಒಳಹೊರಗು ತಿರುಗಿಸಿ ನೋಡಿದರು. ತಿರುಚಿನ ಬಗ್ಗೆ ಅಲ್ಲೇ ಒಂದು ಜಗಳವೂ ಆಯಿತು. ಗಂಡ ಸೈನ್ಯದಲ್ಲಿದ್ದಾಗ ಉತ್ತರದ ಊರುಗಳಲ್ಲಿ ಹೆಣಿಗೆ ಕಲಿತಿದ್ದ ಹಿರಿಯರೊಬ್ಬರು, ಕೆಳಗಿಂದ ಎತ್ತಿದರೆ ತಪ್ಪೇನಿಲ್ಲ, ಎಷ್ಟೋ ಜನ ಹಾಗೇ ಹಾಕ್ತಾರೆ, ಮುಂದಿನ ಸಾಲಿನಲ್ಲಿ ಹಿಂದಿನ ಕಾಲಿನಿಂದ ಹೆಣೆದರೆ ತಿರುಚು ಬರಲ್ಲ, ಮುಗೀತು ಅಂದರು. ಹೌದು, ಹಾಗೆ ಮಾಡಿದೆ, ತಿರುಚು ಹೋಯಿತು. ನಾಲ್ಕು ವರ್ಷದ ಕೈಯ ಅಭ್ಯಾಸ ಬಿಡಬೇಕಾಗಲೇ ಇಲ್ಲ.

ಇನ್ನೊಂದು ಮಾತು ಬರೆಯಲೇಬೇಕು, ಬಾಣಂತಿಯರಿರುವ ಮನೆಯವರಿಗೆ ಉಪಯೋಗ ಆಗುತ್ತದೆ. ಗುಂಪಿನಲ್ಲಿ ಒಬ್ಬ ನಿವೃತ್ತ ನರ್ಸ್ ಇದ್ದಾರೆ. ನಾನು ಹಾಕಿದ ಕುಲಾವಿಗಳನ್ನು ನೋಡಿ, "ಮಗುಗೆ ಸಾಂಬ್ರಾಣಿ ಹಾಕ್ತೀರಾ?" ಅಂತ ಕೇಳಿದರು. ನಮ್ಮ ಕಡೆ ಎರೆದ ಮೇಲೆ ಕೆಂಡದ ಮೇಲೆ ಸಾಂಬ್ರಾಣಿ ಹಾಕಿ ಹೊಗೆ ಹಿಡಿಯುವುದು ಇದ್ದಿದ್ದೇ. ಮಗುವಿನ ಎಳೇ ಶ್ವಾಸಕೋಶಕ್ಕೆ ಆ ಹೊಗೆಯೇ ಬೇಡ ಅಂತ ಮೊದಲು ಬೈದರು. ಆಮೇಲೆ, ಅಂಗಡಿಯಲ್ಲಿ ನಾವು ಉಣ್ಣೆ ಅಂತ ತರುವುದು ಜಾಸ್ತಿ ಪಾಲು ಅಕ್ರಿಲಿಕ್, ಕಿಡಿ ತಾಗಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ, ಕೆಂಡದ ಹತ್ತಿರಕ್ಕೆ ಅದನ್ನು ಹಾಕಿಕೊಂಡು ಹೋಗಲೇಬಾರದು ಅಂದರು. ಮನೆಗೆ ಬಂದು ಎರಡು ತುಂಡು ದಾರಕ್ಕೆ ಬೆಂಕಿಕಡ್ಡಿ ಹಿಡಿದು ನೋಡಿದೆ. ಅಕ್ರಿಲಿಕ್ ಕರಗಿ ಕಪ್ಪು ಮಣಿಯಾಯಿತು, ಸುಟ್ಟ ಮೋಟಾರಿನದೇ ವಾಸನೆ. ನಿಜವಾದ ಉಣ್ಣೆ ಕೂದಲು ಸುಟ್ಟ ವಾಸನೆ ಬಂದು ಪುಡಿಯಾಯಿತು, ಕರಗಲಿಲ್ಲ. ನಾಲ್ಕು ವರ್ಷದಲ್ಲಿ ನಾನು ಹಂಚಿದ ಕುಲಾವಿಗಳೆಲ್ಲ ಅಕ್ರಿಲಿಕ್. ಕೊಟ್ಟ ಮನೆಗಳಿಗೆಲ್ಲ ಫೋನ್ ಮಾಡಿ ಹೇಳಿದೆ.

ಶಿರಾ ಕಡೆಯ ಒಬ್ಬಾಕೆ ಇದ್ದಾರೆ, ಅವರ ಅಜ್ಜಿ ಕಂಬಳಿಗೆ ನೂಲು ತೆಗೆಯುತ್ತಿದ್ದರಂತೆ. ಹುಣಸೆ ಬೀಜದ ಗಂಜಿ ಹಾಕಿ ನೂಲನ್ನು ಗಟ್ಟಿ ಮಾಡಿ, ನೆಲದಲ್ಲಿ ಗುಣಿ ತೋಡಿ ಕೂರಿಸಿದ ಮಗ್ಗದಲ್ಲಿ ನೇಯುವ ಕರಿ ಕಂಬಳಿ. ಆ ನೂಲಿನ ಒಂದು ಉಂಡೆ ತಂದುಕೊಟ್ಟರು, ಹೆಣೆದು ನೋಡಿ ಅಂತ. ಮಫ್ಲರ್ ಹಾಕಿದೆ. ಕುತ್ತಿಗೆಗೆ ಜಾಲಿ ಮುಳ್ಳು ಸುತ್ತಿಕೊಂಡ ಹಾಗಿತ್ತು! ದಖ್ಖನಿ ಕುರಿಯ ಉಣ್ಣೆ ಒರಟು, ಅದಕ್ಕೆ ಕಂಬಳಿಯೇ ಸರಿ. ಆದರೆ ಅದರಲ್ಲೇ ಒಂದು ಚೀಲ ಹೆಣೆದೆ. ಸ್ಪ್ಯಾನರು, ಟೆಸ್ಟರು ಎಲ್ಲ ಅದರಲ್ಲೇ, ಇನ್ನೂ ಹರಿದಿಲ್ಲ.

ಇಬ್ಬರು ಕ್ರೋಶದವರೂ ಬರುತ್ತಾರೆ, ಒಂದೇ ಕೊಕ್ಕೆಯವರು. ಅವರಿಗೂ ನಮಗೂ ಪ್ರತಿ ವಾರ ತಮಾಷೆಯ ಜಗಳ. 2016ರಲ್ಲಿ ಚೆನ್ನೈಯಲ್ಲಿ ಹೆಂಗಸರೆಲ್ಲ ಸೇರಿ 11,148.5 ಚದರ ಮೀಟರಿನ ಕ್ರೋಶ ಕಂಬಳಿ ಹಾಕಿ ಗಿನ್ನೆಸ್ ದಾಖಲೆ ಮಾಡಿದರು, ಎರಡು ಕಡ್ಡಿಯವರು ನೀವೇನು ಮಾಡಿದ್ದೀರಿ ಅಂತ ಕೇಳುತ್ತಾರೆ. ನಮ್ಮ ಹತ್ತಿರ ಉತ್ತರ ಇಲ್ಲ, ಚಕ್ಕುಲಿ ತಿನ್ನುತ್ತೇವೆ. ನನ್ನ ಹೆಂಡತಿ ಈಗ ಆ ಪಕ್ಷ ಸೇರಿದ್ದಾಳೆ.

ತೊಂದರೆ ಅಂದರೆ ಮಳೆ. ಎರಡು ಭಾನುವಾರ ಬಿಡದೆ ಸುರಿದರೆ ಗುಂಪು ಚದುರುತ್ತದೆ, ಮತ್ತೆ ಸೇರಿಸುವಷ್ಟರಲ್ಲಿ ಹಬ್ಬ. ಒಂದು ಸರ್ಕಾರಿ ಓದುವ ಕೋಣೆಯಲ್ಲಿ ಮೂಲೆ ಕೊಡಿ, ಬೆಳಿಗ್ಗೆ ಎರಡು ತಾಸು ಸದ್ದಿಲ್ಲದೆ ಕೂರುತ್ತೇವೆ ಅಂತ ಕೇಳಿದ್ದೆವು. "ಸೂಜಿ ಗೀಜಿ ಎಲ್ಲ ಇಲ್ಲಿ ಬೇಡ" ಅಂದರು. ಅದು ಸೂಜಿ ಅಲ್ಲ ಸ್ವಾಮಿ, ಮೊಂಡು ಕಡ್ಡಿ, ಪೆನ್ಸಿಲ್ ಅದಕ್ಕಿಂತ ಚೂಪಾಗಿರುತ್ತದೆ. ತಾಲ್ಲೂಕು ಕೇಂದ್ರಗಳಲ್ಲಿ ಭಾನುವಾರ ಖಾಲಿ ಬಿದ್ದಿರುವ ಸಭಾಂಗಣ, ಶಾಲೆ ಎಷ್ಟಿಲ್ಲ? ಹೆಣಿಗೆಗೇ ಆಗಬೇಕು ಅಂತಲೂ ಇಲ್ಲ, ಕಸೂತಿಯವರು ಬರಲಿ, ಬುಟ್ಟಿ ಹೆಣೆಯುವವರು ಬರಲಿ. ಬೇಕಾಗಿರುವುದು ಒಂದು ಸೂರು, ಒಂದು ಟ್ಯೂಬ್‌ಲೈಟು. ಟ್ಯೂಬ್‌ಲೈಟ್ ಕೆಟ್ಟರೆ ನಾನೇ ರಿಪೇರಿ ಮಾಡಿಕೊಡುತ್ತೇನೆ.

ನಿಮ್ಮಲ್ಲೂ ಒಂದು ಕೋರಿಕೆ. ಅತ್ತೆಯವರ ಟ್ರಂಕಿನಲ್ಲಿದ್ದಂಥ ಹೆಣಿಗೆ ವಿನ್ಯಾಸಗಳನ್ನು ಪುರವಣಿಯಲ್ಲಿ ತಿಂಗಳಿಗೆ ಒಂದಾದರೂ ಹಾಕಿ, ಕನ್ನಡದಲ್ಲಿ. ಹಾಕುವಾಗ ಕಡ್ಡಿಯ ಹಳೇ ನಂಬರಿನ ಪಕ್ಕ ಮಿಲಿಮೀಟರನ್ನೂ ತಪ್ಪದೆ ಹಾಕಿ. 10 ಸೆಂಟಿಮೀಟರಿಗೆ ಎಷ್ಟು ಮನೆ ಅಂತಲೂ ಬರೆಯಿರಿ.

ಓದುಗರು ಯಾರಾದರೂ ಭಾನುವಾರ ತುಮಕೂರಿನಲ್ಲಿದ್ದರೆ, ಮಳೆ ಇಲ್ಲದಿದ್ದರೆ, ಅಮಾನಿಕೆರೆ ಪಾರ್ಕಿಗೆ ಬನ್ನಿ. ಹೊಸಬರು ಬರುವಾಗ 8 ನಂಬರ್ ಕಡ್ಡಿ ತನ್ನಿ. ಇಲ್ಲಿಯ 8, ಅಮೆರಿಕದ್ದಲ್ಲ. 4 ಮಿಲಿಮೀಟರ್.

ಇಂತಿ,
ನಿಮ್ಮ ಓದುಗ, ತಿಪಟೂರು